ಮಗುಳ್ಚು: ಒಂದು ಕ್ರಿಯಾಪದದ ಪೂರ್ವೋತ್ತರ

ದೋಸೆಯನ್ನು ಮಗುಚುವುದೆಂದರೇನು ಎಂಬುದನ್ನು ಕನ್ನಡಿಗರಿಗೆ, ಅದರಲ್ಲಿಯೂ ಮೈಸೂರು ಸೀಮೆಯವರಿಗೆ, ಬಿಡಿಸಿ ಹೇಳಬೇಕಾದುದಿಲ್ಲ. ಕಾವಲಿಯ ಮೇಲೆ ಒಂದು ಮಗ್ಗುಲು ಬೆಂದುದನ್ನು ಇನ್ನೊಂದು ಮಗ್ಗುಲಿಗೆ ಹಾಕುವುದೇ ಮಗುಚುವುದು. ಆ ಕೆಲಸಕ್ಕೆಂದೇ ಇರುವ ಸಾಧನ ಮಗುಚುವ ಕೈ. ಹೊಳೆಯಲ್ಲಿ ದೋಣಿ ಮಗುಚಿತೆಂದು ವೃತ್ತಪತ್ರಿಕೆಗಳಲ್ಲಿ ಓದುತ್ತೇವೆ. ಓದುತ್ತ ಓದುತ್ತ ಆ ಪತ್ರಿಕೆಯ ಪುಟವನ್ನೇ ಮಗುಚುತ್ತೇವೆ. ಅಡಿಗೆಯ ಮನೆ, ಹೊಳೆ, ಪುಸ್ತಕ ಈ ಮೂರು ಎಡೆಗಳನ್ನು ಬಿಟ್ಟರೆ ಈ ಕ್ರಿಯಾಪದಕ್ಕೆ ಇಂದು ಬೇರೆ ಉದ್ಯೋಗ ಕಡಮೆ. ಅದನ್ನು ಆಡುವವರು ಅದರ ವಂಶಾವಳಿಯನ್ನು ವಿಚಾರಿಸುವುದಿಲ್ಲ. ವಿಚಾರಿಸಬೇಕಾದ ಕಾರಣವೂ ಅವರಿಗಿಲ್ಲ. ಆದರೆ ಹಾನಗಲ್ಲು, ಹಿರೇಕೆರೂರುಗಳ ಕಡೆಗೆ ಹೋಗಿ, ಹಳ್ಳಿಯ ಗುಡಿಯ ಮಗ್ಗುಲಲ್ಲಿ ನೆಟ್ಟಿರುವ, ಎಣ್ಣೆ ಕುಡಿದು ಕಪ್ಪಾಗಿರುವ ಕಲ್ಲುಗಳ ನಡುಪಟ್ಟಿಯಲ್ಲಿರುವ ಬರಹವನ್ನು ಬಲ್ಲವರಿಂದ ಓದಿಸಿದರೆ, ಇದೇ ಮಾತು ತನ್ನ ಯೌವನದ ವೇಷದಲ್ಲಿ ಎದುರಿಗೆ ಬಂದು ನಿಲ್ಲುತ್ತದೆ. ಅಲ್ಲಿ ಅದು ತಿರುಗಿಸುವುದು ದನಗಳ ಹಿಂಡನ್ನು. ತಿರುಗಿಸಿದವನು ಆ ಕೆಲಸದಲ್ಲಿಯೇ ಸತ್ತಿರುತ್ತಾನೆ.

ಈ ಒಂದು ಕ್ರಿಯಾಪದದ ಅರ್ಥವನ್ನೂ ಕಲ್ಲಿನಲ್ಲಿ ಮತ್ತು ಕಾವ್ಯದಲ್ಲಿ ಅದರ ಪ್ರಯೋಗವನ್ನೂ ಕುರಿತು ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ. ವ್ಯಾಕರಣದ ಭಾಗವನ್ನು ಮೊದಲು ಮುಗಿಸಿಬಿಡೋಣ. ಅದು ಸ್ವಲ್ಪ ಒಣಭೂಮಿಯೇ ಸರಿ. ಆದರೆ ಅದನ್ನು ದಾಟದೆ ಮುಂದಿನ ಊರು ಸಿಕ್ಕುವುದಿಲ್ಲ.

ಹಳಗನ್ನಡದಲ್ಲಿ ಇದರ ಮೂಲಧಾತು ಮಗುೞ್. ಹಿಂದಿರುಗು, ಮರಳು ಎಂದು ಅದರ ಅರ್ಥ. ಕೊನೆಯಲ್ಲಿರುವ ಅಕ್ಷರವನ್ನು ಇಂದಿನ ಕನ್ನಡದ ವರ್ಣಮಾಲೆಯಲ್ಲಿ ಹುಡುಕಿದರೆ ಸಿಕ್ಕದು. ತಮಿಳರೂ ಮಲೆಯಾಳಿಗಳೂ ಅದನ್ನು ಈಗಲೂ ಉಳಿಸಿಕೊಂಡಿದ್ದಾರೆ. ಸುಮಾರು 1260ರಲ್ಲಿ ಶಬ್ದಮಣಿದರ್ಪಣವನ್ನು ಬರೆದ ಕೇಶಿರಾಜನ ಕಾಲಕ್ಕಾಗಲೇ ಜನ ಅದನ್ನು ಸಾಮಾನ್ಯವಾದ ಳಕಾರದೊಡನೆ ಕಲಸತೊಡಗಿದ್ದರು. ಯಾವ ಯಾವ ಶಬ್ದಗಳಲ್ಲಿ ಅದು ಬರತಕ್ಕದ್ದೆಂದು ಅವನು ಪಟ್ಟಿಯನ್ನೇ ಕೊಡಬೇಕಾಯಿತು. ಒಂದು ಅಕ್ಷರಕ್ಕೆ ಪಟ್ಟಿ ಬೇಕಾಯಿತೆಂದರೆ ಅದರ ಆಯುಸ್ಸು ಮುಗಿಯುತ್ತ ಬಂದಿತೆಂದೇ ತಿಳಿಯಬೇಕು. ಇನ್ನೊಂದು ವ್ಯಂಜನದ ಹಿಂದೆ ನಿಂತಾಗ ಅದು ಮೊದಲು ರಕಾರವಾಗಿ, ಬಳಿಕ ಸುಳಿವಿಲ್ಲದೆ ಕರಗಿತು. ಕೞ್ತೆ ಕತ್ತೆಯಾದದ್ದೂ, ಗೞ್ದೆ ಗದ್ದೆಯಾದದ್ದೂ, ಎೞ್ಪತ್ತು ಎಪ್ಪತ್ತಾದದ್ದೂ ಹೀಗೆಯೇ. ಮಗುೞ್ಚು ಎಂಬುದು ಮಗುಳ್ಚು, ಮಗುರ್ಚು ಎಂದಾಗಿ, ಕಡೆಗೆ ಮಗುಚು ಎಂದು ಸವೆದು ನಿಂತಿತು. ಶಾಸನಗಳಲ್ಲಿ ಮಗುಳ್ಚಿ ಎಂದೂ ಮಗುರ್ಚಿ ಎಂದೂ ಎರಡು ಬಗೆಯಾಗಿಯೂ ಕಾಣುತ್ತದೆ. ನಾವು ಇನ್ನು ಮುಂದೆ ಸೌಕರ್ಯಕ್ಕಾಗಿ ಮಗುಳ್, ಮಗುಳ್ಚು ಎಂದೇ ಹೇಳುತ್ತೇವೆ.

ಇಲ್ಲಿ ಚು ಎಂಬ ಪ್ರತ್ಯಯದ ಕೆಲಸವೇನು? ತಾನಾಗಿ ನಡೆಯುವ ಕ್ರಿಯೆಯನ್ನು ಇನ್ನೊಬ್ಬರು ನಡೆಯಿಸುವ ಕ್ರಿಯೆಯಾಗಿ ಮಾಡುವುದು. ಹಣ್ಣಾದ ಎಲೆ ತೊಟ್ಟಿನಿಂದ ತಾನಾಗಿ ಕಳಲುತ್ತದೆ. ಬಾಗಿಲ ಕೊಂಡಿಯನ್ನು ನಾವು ಕಳಚುತ್ತೇವೆ. ಕಳಲ್ ಎಂಬುದರಿಂದ ಕಳಲ್ಚು, ಅದರಿಂದ ಕಳಚು. ಇದೇ ಕ್ರಮದಲ್ಲಿ, ತಾನು ಹಿಂದಿರುಗುವುದು ಮಗುಳ್ವುದು. ಇನ್ನೊಂದನ್ನು ಹಿಂದಿರುಗಿಸುವುದು ಮಗುಳ್ಚುವುದು. ತೆಲುಗಿನವರಲ್ಲಿ ಮಗುಡು ಎಂಬ ದಾಯಾದಿ ಉಂಟು. ಅದಕ್ಕೂ ಹಿಂದಿರುಗುವುದೆಂದೇ ಅರ್ಥ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಸಾಹೇಬರ ನಿಘಂಟಿನಲ್ಲಿ ಈ ಮನೆತನದ ರೂಪಗಳನ್ನು ನೋಡಬಹುದು. ಮಗುಳ್ವುದು, ಮಗುಳ್ಚುವುದು ಈ ಎರಡರ ಭೇದವನ್ನು ಶ್ರೋತೃಗಳು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥಿಸುತ್ತೇವೆ. ಮುಂದೆ ಹೇಳಲಿರುವುದೆಲ್ಲ ಅದರ ಮೇಲೆ ನಿಂತಿದೆ.

ಈ ಧಾತುವಿನಿಂದ ಹುಟ್ಟಿದ ಮಗುಳೆ ಎಂಬ ಅವ್ಯಯವಂತೂ ಧಾತುವಿಗಿಂತ ಹೆಚ್ಚು ಕಾಲ ಬಾಳಿತು. ಪುನಃ ಎಂದು ಅದರ ಅರ್ಥ. ಗದುಗಿನ ನಾರಣಪ್ಪನ ಭಾರತವನ್ನು ಗಮಕಿಗಳ ಬಾಯಿಂದ ಕೇಳಿದವರಿಗೆ ಅದು ಪರಿಚಿತವಾದ ಮಾತು. ಇಲ್ಲಿ ಒಂದು ಸ್ವಾರಸ್ಯವನ್ನು ಗಮನಿಸಬಹುದು. ಇನ್ನೊಂದು ಸಲ ಎಂಬ ಭಾವಕ್ಕೆ ಕನ್ನಡವು ಇಟ್ಟುಕೊಂಡಿರುವ ಮಾತುಗಳಲ್ಲಿ ಅನೇಕವು ದಾರಿಯ ಮೇಲೆ ಹಿಂದಿರುಗುವ ಮಾತುಗಳೇ ಆಗಿವೆ. ತಿರುಗಿ ಹೇಳು ಎನ್ನುತ್ತೇವೆ, ಮರಳಿ ಯತ್ನವ ಮಾಡು ಎನ್ನುತ್ತೇವೆ. ಧಾರವಾಡ, ಹಾವೇರಿಗಳ ಕಡೆಯವರು ಹೊಳ್ಳಿ ಬಾ, ಹೊಳ್ಳಿ ನೋಡು ಎನ್ನುತ್ತಾರೆ. ಅದು ಹೊರಳಿ ಎಂಬುದರ ಸಂಕ್ಷೇಪ. ನಡೆದ ದಾರಿಯಲ್ಲಿ ಹಿಂದಕ್ಕೆ ಮುಖಮಾಡಿದಲ್ಲದೆ ಕನ್ನಡಿಗನಿಗೆ ಯಾವುದೂ ಎರಡನೆಯ ಸಲ ನಡೆಯುವಂತಿಲ್ಲ.

ತಿರುಗಿಸುವ ಕೆಲಸದ ಮಹಿಮೆಯನ್ನು ಹೇಳುವಾಗ ಸವಣೂರನ್ನು ಬಿಡಲಾಗದು. ಅಮೀರ್ ಖುಸ್ರೂವಿನ ಹೆಸರಿನಲ್ಲಿ ನಡೆಯುವ ಹಿಂದುಸ್ತಾನೀ ಒಗಟುಗಳಲ್ಲಿ, ಬೇರೆ ಬೇರೆ ಪ್ರಶ್ನೆಗಳಿಗೆ ಒಂದೇ ಉತ್ತರವಿರುವ ಒಂದು ಜಾತಿಯುಂಟು. ರೊಟ್ಟಿ ಸೀದುದಕ್ಕೂ, ವೀಳೆಯದೆಲೆ ಕೊಳೆತುದಕ್ಕೂ, ಕುದುರೆ ಮೊಂಡುಹಿಡಿದುದಕ್ಕೂ ಕಾರಣ ಒಂದೇ: ತಿರುವದೆ ಬಿಟ್ಟದ್ದು. 1948ರವರೆಗೆ ನವಾಬರ ಸಂಸ್ಥಾನವಾಗಿದ್ದ ಸವಣೂರು ವೀಳೆಯದೆಲೆಗೆ ಪ್ರಸಿದ್ಧವಾದ ಊರು. ಉರ್ದುವೂ ಕನ್ನಡವೂ ಒಂದೇ ಬೀದಿಯಲ್ಲಿ ನಡೆಯುವ ಆ ಊರಿನಲ್ಲಿ ಈ ಒಗಟಿಗೆ ವ್ಯಾಖ್ಯಾನ ಬೇಕಾಗದು. ಎಲೆಯ ಕಟ್ಟನ್ನು ಬಿಚ್ಚಿ, ಮಗುಚಿ, ಕೆಟ್ಟುದನ್ನು ತೆಗೆಯದಿದ್ದರೆ ಏನಾಗುವುದೆಂಬುದನ್ನು ಎಲೆಯ ವ್ಯಾಪಾರಿ ಬಲ್ಲ. ಇರಲಿ, ಎಲೆಯಿಂದ ಕಲ್ಲಿಗೆ ಬರೋಣ.

1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಆದ ಹಾವೇರಿ ಜಿಲ್ಲೆಯಲ್ಲಿ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂಬ ತಾಲ್ಲೂಕುಗಳಿವೆ. ಹಾನಗಲ್ಲಿನ ಹಳೆಯ ಹೆಸರು ಪಾನುಂಗಲ್. ಪಾನುಂಗಲ್ ಐನೂರು, ಬನವಾಸಿ ಪನ್ನಿರ್ಚ್ಛಾಸಿರ ಎಂಬ ಎರಡು ನಾಡುಗಳನ್ನು ಹಾನಗಲ್ಲಿನ ಕದಂಬರು ಬಹುಕಾಲ ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿ ಆಳಿದರು. ಹನ್ನೆರಡನೆಯ ಶತಮಾನದಲ್ಲಿ ಆ ಸಾಮ್ರಾಜ್ಯ ಸಡಿಲವಾದಾಗ ದಕ್ಷಿಣದಿಂದ ಹೊಯ್ಸಳರು, ಉತ್ತರದಿಂದ ಕಳಚುರಿಗಳು, ಆಮೇಲೆ ಸೇವುಣರು ಈ ನಾಡಿನ ಮೇಲೆ ಕೈಚಾಚಿದರು. ಮಲೆನಾಡಿನ ಸೆರಗು, ಬಯಲುಸೀಮೆಯ ಆರಂಭ, ವರದೆ ಧರ್ಮೆಗಳ ನೀರು, ಹುಲ್ಲು, ಆದುದರಿಂದ ದನ. ಎರಡು ಅರಸುತನಗಳ ನಡುವಣ ಎಲ್ಲೆ, ಆದುದರಿಂದ ದನಗಳ್ಳತನ. ಅರಸನು ಕೋಟೆಯನ್ನು ಹಿಡಿಯಲು ದಂಡು ಕಟ್ಟಬೇಕು, ಕಾಲವನ್ನು ನೋಡಬೇಕು. ಹತ್ತು ಹದಿನೈದು ಜನ ಸೇರಿ ನೆರೆಯೂರಿನ ಹಿಂಡನ್ನು ಹೊಡೆದುಕೊಂಡು ಹೋಗಲು ಒಂದು ಬೆಳಗಿನ ಜಾವ ಸಾಕು. ಇದಕ್ಕೆ ಶಾಸನಗಳಲ್ಲಿ ತುರುಗೋಳ್ ಎಂದು ಹೆಸರು. ತುರು ಎಂದರೆ ಆಕಳು, ದನ. ಕೊಳ್ ಎಂದರೆ ಕೈವಶಮಾಡಿಕೊಳ್ಳುವುದು.

ತುರುಗೋಳಿನ ವೀರಗಲ್ಲನ್ನು ನೋಡದವರಿಗಾಗಿ ಅದರ ವಿನ್ಯಾಸವನ್ನು ಹೇಳುತ್ತೇವೆ. ಆಳೆತ್ತರದ ಚಪ್ಪಡಿಗಲ್ಲು, ಅದರಲ್ಲಿ ಸಾಮಾನ್ಯವಾಗಿ ಮೂರು ಅಂಕಣಗಳು. ಕೆಳಗಿನದರಲ್ಲಿ ಕಾಳಗ: ಬಿಲ್ಲು, ಕತ್ತಿ, ಒಂದು ಅಂಚಿನಲ್ಲಿ ಒಂದರ ಹಿಂದೊಂದು ನಿಂತ ಮೂರೋ ನಾಲ್ಕೋ ದನಗಳು. ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಎರಡು ಕಡೆಯಿಂದ ಹಿಡಿದು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿದ್ದಾನೆ. ಅಂಕಣ ಅಂಕಣಗಳ ನಡುವಣ ಪಟ್ಟಿಯಲ್ಲಿ ಬರಹ: ಯಾವ ಅರಸನ ಆಳಿಕೆ, ಯಾವ ವರ್ಷ, ಯಾವ ಊರು, ಯಾರ ಮಗ. ಇಷ್ಟಾದ ಮೇಲೆ ಅಚ್ಚುಹಾಕಿದಂತೆ ಬರುವ ಮಾತು, ತುರುವಂ ಮಗುಳ್ಚಿ ಸುರಲೋಕಪ್ರಾಪ್ತನಾದನೆಂಬುದು. ಹಾನಗಲ್ಲು, ಹಿರೇಕೆರೂರುಗಳಿಗೆ ಮೈಸೂರಿನ ಕಡೆಯಿಂದ ಅಂಟಿಕೊಂಡಿರುವ ಸೊರಬ, ಶಿಕಾರಿಪುರ ತಾಲ್ಲೂಕುಗಳ ಇಂಥ ಕಲ್ಲುಗಳನ್ನು ರೈಸ್ ಸಾಹೇಬರು ತಮ್ಮ ಎಪಿಗ್ರಾಫಿಯ ಕರ್ನಾಟಿಕದ ಏಳನೆಯ ಮತ್ತು ಎಂಟನೆಯ ಸಂಪುಟಗಳಲ್ಲಿ, 1902ರಲ್ಲಿಯೂ 1904ರಲ್ಲಿಯೂ, ಅಚ್ಚುಮಾಡಿಸಿದರು. ಅವುಗಳನ್ನು ಓದುತ್ತ ಹೋದರೆ ಹೆಸರು ಬದಲಾಗುತ್ತದೆ, ಊರು ಬದಲಾಗುತ್ತದೆ, ಅರಸುತನ ಬದಲಾಗುತ್ತದೆ, ಕ್ರಿಯಾಪದ ಅದೇ.

ಮಗುಳ್ಚುವುದೆಂದರೆ ಸರಿಯಾಗಿ ಏನು ಮಾಡುವುದು? ನಿಘಂಟು ಹಿಂದಿರುಗಿಸುವುದೆಂದು ಹೇಳಿ ಸುಮ್ಮನಾಗುತ್ತದೆ. ದನ ಕಾಯ್ದವರನ್ನು ಕೇಳಿದರೆ ಇದಕ್ಕಿಂತ ಒಳ್ಳೆಯ ಅರ್ಥ ಸಿಕ್ಕೀತು. ಓಡುವ ಹಿಂಡನ್ನು ಹಿಂದಿನಿಂದ ಅಟ್ಟಿದರೆ ಅದು ಇನ್ನೂ ಮುಂದಕ್ಕೇ ಓಡುತ್ತದೆ. ಅದನ್ನು ತಿರುಗಿಸಬೇಕಾದರೆ ಮಗ್ಗುಲಿನಿಂದ ಸುತ್ತಿ ಮುಂದಕ್ಕೆ ಹೋಗಬೇಕು. ಮುಂಚೂಣಿಯಲ್ಲಿರುವ ಆಕಳಿನ ಎದುರಿಗೆ ನಿಲ್ಲಬೇಕು. ಅದು ಮುಖ ತಿರುಗಿಸಿದರೆ ಉಳಿದವು ತಿರುಗುತ್ತವೆ. ಈಗ ಕಳ್ಳರು ಎಲ್ಲಿರುತ್ತಾರೆಂಬುದನ್ನು ಎಣಿಸಿ ನೋಡಿರಿ. ಕೆಲವರು ಹಿಂಡಿನ ಮುಂದೆ, ಕೆಲವರು ಹಿಂದೆ. ದನಗಳನ್ನು ಮಗುಳ್ಚಲು ಹೋದವನು ತನ್ನ ಊರಿಗೆ ಬೆನ್ನುಕೊಟ್ಟು, ಕಳ್ಳರ ಗುಂಪಿನ ನಡುವೆ, ಓಡುವ ಕೊಂಬುಗಳಿಗೆ ಎದುರಾಗಿ ನಿಂತವನು. ಬಾಣ ಎರಡು ಕಡೆಯಿಂದಲೂ ಬರಬಹುದು. ಕಲ್ಲಿನ ಮೇಲೆ ಒಂದು ಕ್ರಿಯಾಪದ ಹಿಡಿಯುವ ಎಡೆಯಲ್ಲಿ ಇಷ್ಟೆಲ್ಲ ಅಡಗಿದೆ. ಆ ಕಾಲದ ಓದುಗರಿಗೆ ವಿವರಿಸಬೇಕಾಗಿರಲಿಲ್ಲ. ದನಗಳು ಹೇಗೆ ಮಗುಳುತ್ತವೆ ಎಂಬುದನ್ನು ಅವರು ಪ್ರತಿದಿನ ಸಂಜೆ ನೋಡುತ್ತಿದ್ದರು.

ಈಗ ನಾವು ಮೊದಲು ಕೇಳಿಕೊಂಡ ಭೇದಕ್ಕೆ ಬರೋಣ. ಕಲ್ಲಿನಲ್ಲಿ ಇರುವುದು ಮಗುಳ್ಚಿ ಎಂಬ ಪ್ರೇರಣಾರ್ಥಕ. ತುರುಗಳು ಮಗುಳ್ದುವು, ಮಗುಳ್ಚಿದವನು ಮಗುಳಲಿಲ್ಲ. ಅವನಿಗೆ ಕಲ್ಲು ಬೇರೆ ಕ್ರಿಯಾಪದವನ್ನು ಕೊಡುತ್ತದೆ: ಅವನು ಸುರಲೋಕಕ್ಕೆ ಹೋದನು. ದನಗಳು ಒಂದು ದಿಕ್ಕಿಗೆ, ಅವನು ಇನ್ನೊಂದು ದಿಕ್ಕಿಗೆ. ನಮ್ಮ ಅಲಂಕಾರಶಾಸ್ತ್ರಜ್ಞರು ಇಂಥದೊಂದು ವಾಕ್ಯವನ್ನು ಕಾವ್ಯದಲ್ಲಿ ಕಂಡಿದ್ದರೆ ಇದಕ್ಕೊಂದು ಹೆಸರಿಟ್ಟು ಲಕ್ಷಣ ಹೇಳುತ್ತಿದ್ದರು. ಕಲ್ಲು ಕಡೆದವನಿಗೆ ಅದು ಅಲಂಕಾರವಾಗಿರಲಿಲ್ಲ, ವರದಿಯಾಗಿತ್ತು. ಸಂಜೆ ಕೊಟ್ಟಿಗೆಗೆ ಬಂದ ಆಕಳನ್ನು ಕಟ್ಟುವ ಕೈ ಮನೆಯಲ್ಲಿ ಇಲ್ಲ ಎಂಬುದನ್ನು ಊರು ಕಂಡಿತ್ತು. ಆ ಮನೆಗೆ ಊರವರೋ ಒಡೆಯರೋ ಭೂಮಿಯನ್ನು ಬಿಟ್ಟದ್ದೂ ಉಂಟು. ಅಂಥ ಭೂಮಿಗೆ ನೆತ್ತರುಗೊಡಗೆ ಎಂದು ಹೆಸರು. ಬಾಳ್ಗಳ್ಚು ಎಂದು ಇನ್ನೊಂದು ಹೆಸರೂ ಹಳೆಯ ಶಾಸನಗಳಲ್ಲಿ ಬರುತ್ತದೆ. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆ. ಕತ್ತಿ ತೊಳೆದ ನೀರಿನೊಡನೆ ಧಾರೆಯೆರೆದ ನೆಲ ಅದು. ಇಂದಿನ ಸರಕಾರಗಳ ಪರಿಹಾರಧನವೆಂಬ ಮಾತಿಗಿಂತ ಈ ಎರಡು ಮಾತುಗಳೂ ಪ್ರಾಮಾಣಿಕವಾಗಿವೆಯೆಂದು ನಮ್ಮ ಅಭಿಪ್ರಾಯ. ಯಾವುದಕ್ಕೆ ಬದಲಾಗಿ ಏನನ್ನು ಕೊಟ್ಟರೆಂಬುದನ್ನು ಅವು ಮರೆಸುವುದಿಲ್ಲ.

ಕಾವ್ಯದ ಕಡೆಗೆ ತಿರುಗೋಣ. ತುರುಗೋಳಿನ ಕಥೆ ನಮಗೆ ಗೊತ್ತಿರುವುದು ಮಹಾಭಾರತದ ವಿರಾಟಪರ್ವದಿಂದ. ಇಲ್ಲಿ ಹಾನಗಲ್ಲಿಗೆ ಒಂದು ವಿಶೇಷ ಹಕ್ಕಿದೆ. ಪಾನುಂಗಲ್ಲಿಗೆ ವಿರಾಟನಕೋಟೆ, ವಿರಾಟನಗರ ಎಂಬ ಹೆಸರುಗಳು ಶಾಸನಗಳಲ್ಲಿಯೇ ಬಂದಿವೆ. ಪಾಂಡವರು ಅಜ್ಞಾತವಾಸವನ್ನು ಕಳೆದದ್ದು ಇಲ್ಲಿಯೇ ಎಂದು ಊರವರ ನಂಬಿಕೆ. ಕುಂತಿಯ ದಿಬ್ಬ ಎಂಬುದೊಂದನ್ನು ಅವರು ತೋರಿಸುತ್ತಾರೆ. ವಿರಾಟನ ಮತ್ಸ್ಯದೇಶ ಉತ್ತರದಲ್ಲಿ, ರಾಜಪುತಾನದ ಕಡೆಗೆ ಇದ್ದಿತೆಂದು ಪಂಡಿತರ ಮತ. ಅದು ಸರಿಯಾಗಿಯೇ ಇರಬಹುದು. ಆದರೆ ಹಾನಗಲ್ಲಿನವರು ಆ ಕಥೆಯನ್ನು ತಮ್ಮದೆಂದು ಹಿಡಿದುಕೊಂಡದ್ದಕ್ಕೆ ಹೆಸರಿಗಿಂತ ಗಟ್ಟಿಯಾದ ಕಾರಣವಿದ್ದಿರಬೇಕು. ಗೋಗ್ರಹಣವೆಂಬುದು ಅವರಿಗೆ ಪುರಾಣದ ಸಂಗತಿಯಾಗಿರಲಿಲ್ಲ. ಅದು ಹೋದ ವರ್ಷವೂ ಆಗಿತ್ತು, ಬರುವ ವರ್ಷವೂ ಆಗಬಹುದಾಗಿತ್ತು.

ಪಂಪನು ಸುಮಾರು 941ರಲ್ಲಿ ವಿಕ್ರಮಾರ್ಜುನವಿಜಯವನ್ನು ಬರೆದಾಗಲೂ, ನಾಲ್ಕಾರು ಶತಮಾನಗಳ ಮೇಲೆ ಕುಮಾರವ್ಯಾಸನು ಗದುಗಿನಲ್ಲಿ ತನ್ನ ಭಾರತವನ್ನು ಕಟ್ಟಿದಾಗಲೂ ಅವರ ಶ್ರೋತೃಗಳ ಊರುಬಾಗಿಲುಗಳಲ್ಲಿ ಇಂಥ ಕಲ್ಲುಗಳು ನಿಂತಿದ್ದುವೆಂಬುದನ್ನು ನಾವು ಮರೆಯಬಾರದು. ಉತ್ತರನು ಅಂತಃಪುರದ ಹೆಂಗಸರ ನಡುವೆ ತನ್ನ ಪೌರುಷವನ್ನು ಕೊಚ್ಚಿಕೊಳ್ಳುವ ಸಂದರ್ಭ ಕೇಳಲು ಬಹು ಸೊಗಸು. ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆಯೇ ಅದರಿಂದ ನಮಗೆ ದೊರೆತಿದೆ. ಆದರೆ ಗಂಡನನ್ನೋ ಮಗನನ್ನೋ ತುರುಗೋಳಿನಲ್ಲಿ ಕಳೆದುಕೊಂಡ ಹೆಂಗಸು ಆ ಸಭೆಯಲ್ಲಿ ಕುಳಿತಿದ್ದರೆ ಅವಳಿಗೆ ಅದು ಬರಿಯ ನಗೆಯಾಗಿ ಕೇಳಿಸಿತೆ? ಕೌರವರ ಸೇನೆಯನ್ನು ಕಂಡೊಡನೆ ಉತ್ತರನು ರಥದಿಂದ ಧುಮುಕಿ ಊರ ಕಡೆಗೆ ಓಡುತ್ತಾನೆ. ಅಂದರೆ, ದನಗಳನ್ನು ಮಗುಳ್ಚಬೇಕಾದವನು ತಾನೇ ಮಗುಳ್ದನು. ಅರ್ಜುನನು ಅವನ ಬೆನ್ನಟ್ಟಿ ಹಿಡಿದು ರಥಕ್ಕೆ ತರಬೇಕಾಯಿತು. ಆ ದಿನ ಅರ್ಜುನನು ಮೊದಲು ಮಗುಳ್ಚಿದ್ದು ಆಕಳನ್ನಲ್ಲ, ಅರಸುಮಗನನ್ನು! ಅನಂತರ ಹಿಂಡನ್ನು ಮಗುಳ್ಚಿದನು, ತಾನೂ ಮಗುಳ್ದನು, ಗೆಲವಿನ ಕೀರ್ತಿಯನ್ನು ಉತ್ತರನ ಕೈಗೆ ಕೊಟ್ಟು ಬೃಹನ್ನಳೆಯಾಗಿ ಊರನ್ನು ಹೊಕ್ಕನು. ಎರಡು ರೂಪಗಳೂ ಒಬ್ಬನಿಗೇ ಒದಗುವುದು ಕಾವ್ಯದ ನಾಯಕನಿಗೆ ಮಾತ್ರ. ವೀರಗಲ್ಲಿನವನಿಗೆ ಒಂದೇ ರೂಪ. ಅವನು ಸಾಮಾನ್ಯವಾಗಿ ದೊಡ್ಡ ಮನೆತನದವನಲ್ಲ. ಊರ ಗೌಡನ ಮಗ, ತುರುಕಾಯುವವನು, ಕಾವಲಿನ ಆಳು. ಕಾವ್ಯವು ಅವನ ಹೆಸರನ್ನು ಕೇಳಿಯೂ ಇರಲಿಲ್ಲ. ತುರುಗಾಹಿ ರಾಮಣ್ಣನೆಂಬ ಶರಣನು ತನ್ನ ಕಾಯಕದ ಹೆಸರನ್ನು ತನ್ನ ಹೆಸರಿನ ಮುಂದೆಯೇ ಇಟ್ಟುಕೊಂಡು ವಚನಗಳನ್ನು ಬರೆದನೆಂಬುದೊಂದು ಸಮಾಧಾನ.

ದನಕ್ಕಾಗಿ ಕಾದಿದವರು ನಾವು ಮಾತ್ರವಲ್ಲ. ವೇದದಲ್ಲಿ ಗವಿಷ್ಟಿ ಎಂಬ ಮಾತಿಗೆ ಆಕಳುಗಳ ಬಯಕೆಯೆಂದು ಅಕ್ಷರಾರ್ಥ, ಯುದ್ಧವೆಂದು ರೂಢಿ. ಹೋಮರನ ಇಲಿಯಡ್ಡಿನಲ್ಲಿ ಮುದುಕ ನೆಸ್ಟರನು ತನ್ನ ತಾರುಣ್ಯದ ದನಗಳ್ಳತನವನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ನಮ್ಮ ನೆರೆಯ ತಮಿಳರಲ್ಲಿ ಪುರಕಾವ್ಯದ ಲಾಕ್ಷಣಿಕರು ದನ ಹಿಡಿಯಹೋಗುವವರಿಗೆ ವೆಟ್ಚಿ ಎಂಬ ಹೂವನ್ನೂ, ಬಿಡಿಸಿ ತರಹೋಗುವವರಿಗೆ ಕರಂದೈ ಎಂಬ ಹೂವನ್ನೂ ಮುಡಿಸಿ, ಎರಡು ವಸ್ತುಗಳಿಗೂ ಆ ಹೂಗಳ ಹೆಸರನ್ನೇ ಇಟ್ಟರು. ತಮಿಳು ವೀರಗಲ್ಲುಗಳಲ್ಲಿ ತೊರು ಮೀಟ್ಟು ಪಟ್ಟಾನ್ ಎಂಬಂಥ ಮಾತು ಬರುತ್ತದೆ. ತೊರು ನಮ್ಮ ತುರುವೇ. ಮೀಳ್ ಎಂದರೆ ಮರಳು, ಮೀಟ್ಟು ಎಂದರೆ ಮರಳಿಸಿ. ಅಲ್ಲಿಯೂ ದನ ಮರಳಿತು, ಆಳು ಬಿದ್ದನು. ಎರಡು ಭಾಷೆಗಳು ಒಂದೇ ದುಃಖಕ್ಕೆ ಒಂದೇ ವ್ಯಾಕರಣವನ್ನು ಕಂಡುಕೊಂಡಿವೆ.

ಇಂಗ್ಲಿಷಿನಲ್ಲಿ ಏನಾಯಿತೆಂಬುದು ಇನ್ನೂ ವಿಚಿತ್ರ. ಇಂಗ್ಲೆಂಡು ಸ್ಕಾಟ್ಲೆಂಡುಗಳ ಎಲ್ಲೆಯ ಬೆಟ್ಟಗಾಡಿನಲ್ಲಿ, 1603ರಲ್ಲಿ ಎರಡು ಕಿರೀಟಗಳೂ ಒಂದೇ ತಲೆಯ ಮೇಲೆ ಬರುವವರೆಗೆ, ದನ ಹೊಡೆಯುವುದೇ ಕೆಲವು ಮನೆತನಗಳ ಕಸುಬಾಗಿತ್ತು. ಆ ಕೆಲಸಕ್ಕೆ ಅವರಲ್ಲಿ ರೀವ್ ಎಂಬ ಕ್ರಿಯಾಪದವಿತ್ತು. ಇಂದು ಅದನ್ನು ಬಲ್ಲವರು ವಿರಳ. ಸರ್ ವಾಲ್ಟರ್ ಸ್ಕಾಟನು 1802ರಿಂದ ಅಚ್ಚುಮಾಡಿಸಿದ ಎಲ್ಲೆನಾಡಿನ ಲಾವಣಿಗಳನ್ನು ಓದಿದವರಿಗೆ ರೀವರರ ಪರಿಚಯವಿರುತ್ತದೆ. ಅಮೆರಿಕದ ಫಾಕ್ನರನು 1962ರಲ್ಲಿ ತನ್ನ ಕೊನೆಯ ಕಾದಂಬರಿಗೆ ಅದೇ ಹೆಸರನ್ನಿಟ್ಟನು. ಆ ಧಾತು ಬೇರೆಯ ವೇಷದಲ್ಲಿ ಮಾತ್ರ ಎಲ್ಲರ ಮನೆಗೂ ಬರುತ್ತದೆ. ಹತ್ತಿರದವರನ್ನು ಸಾವಿನಿಂದ ಕಳೆದುಕೊಂಡವರನ್ನು ಇಂಗ್ಲಿಷಿನವರು ಬಿರೀವ್ಡ್ ಎನ್ನುತ್ತಾರಷ್ಟೆ; ಅದು ಇದೇ ಬೇರಿನಿಂದ ಬಂದದ್ದು, ಕೊಳ್ಳೆಹೋದವರು ಎಂದು ಅದರ ಮೂಲಾರ್ಥ. ಕೊಳ್ಳೆಯ ಮಾತು ದುಃಖದ ಮಾತಾಯಿತು. ಕಳವಾದ ದನದ ಬೆನ್ನುಹತ್ತಿ ನೆರೆರಾಜ್ಯದೊಳಕ್ಕೂ ನುಗ್ಗುವ ಹಕ್ಕು ಆ ಎಲ್ಲೆಯ ಕಟ್ಟಳೆಯಲ್ಲಿ ಇದ್ದಿತು, ಅದಕ್ಕೆ ಹಾಟ್ ಟ್ರಾಡ್ ಎಂದು ಹೆಸರೂ ಇದ್ದಿತು. ಆದರೆ ಬಿಡಿಸಿ ತಂದವನ ಕೆಲಸಕ್ಕೆ ಆ ಭಾಷೆ ರೀವ್ ಎಂಬುದಕ್ಕೆ ಸಾಟಿಯಾದ ಕ್ರಿಯಾಪದವನ್ನು ಬೆಳಸಿಕೊಳ್ಳಲಿಲ್ಲ. ಅಲ್ಲಿ ಲಾವಣಿ ಕಟ್ಟಿಸಿಕೊಂಡವನು ಹೊಡೆದವನು. ಇಲ್ಲಿ ಕಲ್ಲು ನೆಡಿಸಿಕೊಂಡವರಲ್ಲಿ ಹೆಚ್ಚಿನವರು ಮಗುಳ್ಚಿದವರು. ತುರುಗೊಂಡು ಸತ್ತವರಿಗೂ ಕನ್ನಡನಾಡಿನಲ್ಲಿ ಕಲ್ಲುಗಳಿಲ್ಲದಿಲ್ಲ. ಒಡೆಯನ ಆಜ್ಞೆಯಿಂದ ಹೋದವನೂ ವೀರನೇ. ಆದರೆ ಅಂಥವು ಕಡಮೆ.

ಆದುದರಿಂದಲೇ ಈ ಶಾಸನಗಳನ್ನು ಇಂಗ್ಲಿಷಿಗೆ ತಂದ ಪಂಡಿತರಿಗೆ ಮಗುಳ್ಚಿ ಎಂಬಲ್ಲಿ ಕೈಸೋತಿದೆ. ದನಗಳನ್ನು ರಿಕವರ್ ಮಾಡಿದನು, ರೆಸ್ಕ್ಯೂ ಮಾಡಿದನು ಎಂಬ ಜಾತಿಯ ಮಾತುಗಳಿಂದ ಅವರು ಕೆಲಸ ನಡೆಯಿಸಿಕೊಂಡರು. ತಪ್ಪೇನೂ ಇಲ್ಲ. ಆದರೆ ಮೊದಲನೆಯದು ಸಾಲವಸೂಲಿಯ ಮಾತಿನಂತೆ ಕೇಳುತ್ತದೆ, ಎರಡನೆಯದು ನೀರಿನಲ್ಲಿ ಬಿದ್ದವನನ್ನು ಎತ್ತಿದಂತೆ. ದಿಕ್ಕು ಎರಡರಲ್ಲಿಯೂ ಬಿಟ್ಟುಹೋಯಿತು. ದಿಕ್ಕು ಹೋದರೆ, ದನ ಬಂದ ದಾರಿಯಲ್ಲಿ ಅವನು ಬರಲಿಲ್ಲವೆಂಬುದೂ ಹೋಯಿತು.

ಹಾನಗಲ್ಲಿನ ತಾರಕೇಶ್ವರ ದೇವಾಲಯ ತನ್ನ ಕಲ್ಲಿನ ಕಮಲದ ಭುವನೇಶ್ವರಿಗೆ ಹೆಸರಾದುದು. ನೋಡಲು ಹೋದವರು ತಲೆಯೆತ್ತಿ ಅದನ್ನು ನೋಡುತ್ತಾರೆ. ಹೊರಗೆ ಬಂದು, ಆವರಣದಲ್ಲಿರುವ ವೀರಗಲ್ಲುಗಳ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಬೇಕೆಂದು ನಾವು ಸೂಚಿಸುತ್ತೇವೆ. ಆನೆಗಳು, ಕೋಟೆಯ ಮುತ್ತಿಗೆ, ಗುಂಪು ಗುಂಪಾದ ಕಾಲಾಳು ಇವೆಲ್ಲ ಇರುವ ದೊಡ್ಡ ಕಲ್ಲೂ ಅಲ್ಲಿದೆ. ಹಾನಗಲ್ಲಿನ ಒಂದು ವೀರಗಲ್ಲಿನಿಂದ ನಮಗೆ ತಿಳಿಯುವ ಸಂಗತಿ ಹೀಗಿದೆ: 1196ರಲ್ಲಿ ಹೊಯ್ಸಳ ವೀರಬಲ್ಲಾಳನು ದಂಡೆತ್ತಿ ಬಂದು ಆನೆಕೆರೆಯ ಬಳಿ ಬೀಡುಬಿಟ್ಟು ಕೋಟೆಯನ್ನು ಮುತ್ತಿದನು. ಕದಂಬ ಕಾಮದೇವನ ದಂಡನಾಯಕ ಸೋಹಣಿ ಎದುರಿಸಿದನು. ಬಲ್ಲಾಳನು ಆ ಸಲ ಹಿಮ್ಮೆಟ್ಟಬೇಕಾಯಿತು. ಸೋಹಣಿ ಕಾಳಗದಲ್ಲಿ ಸತ್ತನು. ದನದ ಹಿಂಡಿನ ಬದಲು ಒಬ್ಬ ಚಕ್ರವರ್ತಿಯ ಸೇನೆ. ಉಳಿದುದೆಲ್ಲ ಚಿಕ್ಕ ಹಳ್ಳಿಯ ತುರುಗಾಯಿಯ ಕಲ್ಲಿನಲ್ಲಿ ಇದ್ದಂತೆಯೇ.

ಹೋದವನು ಮಗುಳ್ದ ಕಥೆಗಳೂ ಈ ಸೀಮೆಗೆ ಬೇಕಾಗಿದ್ದುವು. ಹಿರೇಕೆರೂರು ತಾಲ್ಲೂಕಿನ ಅಬಲೂರಿನಲ್ಲಿ ಏಕಾಂತದ ರಾಮಯ್ಯನು ತನ್ನ ತಲೆಯನ್ನು ಕೊಯ್ದು ಶಿವನಿಗೆ ಅರ್ಪಿಸಿ, ಏಳು ದಿನಗಳ ಮೇಲೆ ಅದನ್ನು ಮತ್ತೆ ಪಡೆದನೆಂದು ಅಲ್ಲಿಯ ಸೋಮೇಶ್ವರ ದೇವಾಲಯದ ಶಾಸನ ಹೇಳುತ್ತದೆ; ಶಿಲ್ಪಗಳೂ ಆ ಕಥೆಯನ್ನು ತೋರಿಸುತ್ತವೆ. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ಮೊದಲು ದಂಡಿನ ನಾಯಕರಾಗಿದ್ದು, ರಣದಲ್ಲಿ ಗಾಯಗೊಂಡು ಬಿದ್ದು, ಉಳಿದು, ಹರಿದಾಸರಾದರೆಂಬುದು ಪ್ರತೀತಿ. ಕತ್ತಿ ಹಿಡಿದು ಹೋದವರು ತಂಬೂರಿ ಹಿಡಿದು ಮಗುಳ್ದರು. ಊರಿಗೆ ಒಂದರಂತೆ, ಎರಡರಂತೆ ಮಗುಳದವರ ಕಲ್ಲುಗಳಿರುವ ನಾಡಿನಲ್ಲಿ ಇಂಥ ಕಥೆಗಳನ್ನು ಜನ ಎಷ್ಟು ಆಸೆಯಿಂದ ಕೇಳಿರಬೇಕೆಂದು ಊಹಿಸಬಹುದು.

ಕಲ್ಲುಗಳ ಇಂದಿನ ಅವಸ್ಥೆಯನ್ನು ಕುರಿತು ಬಹಳ ಹೇಳುವುದಕ್ಕೆ ಮನಸ್ಸಿಲ್ಲ. ಧಾರವಾಡದಲ್ಲಿ 1939ರಲ್ಲಿ ಸ್ಥಾಪಿತವಾದ ಕನ್ನಡ ಸಂಶೋಧನ ಸಂಸ್ಥೆಯೂ ಇತರರೂ ಅನೇಕವನ್ನು ಓದಿ ಅಚ್ಚುಮಾಡಿದ್ದಾರೆ. ಅಚ್ಚಾಗದವೂ ಉಂಟು. ಕೆಲವು ಗುಡಿಯ ಮೆಟ್ಟಿಲಾಗಿವೆ, ಕೆಲವು ಬಟ್ಟೆ ಒಗೆಯುವ ಹಾಸುಗಲ್ಲಾಗಿವೆ. ದೇವರೆಂದು ಪೂಜೆಗೊಳ್ಳುವ ಕಲ್ಲುಗಳು ಎಷ್ಟೋ ಮೇಲು. ಆದರೆ ಅವುಗಳ ಅಕ್ಷರಗಳಲ್ಲಿಯೂ ಎಣ್ಣೆಯ ಜಿಡ್ಡು ತುಂಬಿ ಓದು ಕಷ್ಟವಾಗಿದೆ. ಓದಿದ ಕಲ್ಲಿನ ಮುಂದೆ ಹೊಸಗನ್ನಡದಲ್ಲಿ ಒಂದು ಫಲಕವನ್ನು ನಿಲ್ಲಿಸಬೇಕೆಂದು ಯಾರಾದರೂ ಹೊರಟರೆ, ಮಗುಳ್ಚಿ ಎಂಬಲ್ಲಿಗೆ ಬಂದು ಅವರೂ ತಡೆಯಬೇಕಾಗುತ್ತದೆ. ಅದರ ನೇರವಾದ ಸಂತತಿಯಾದ ಮಗುಚಿ ಎಂಬುದನ್ನು ಹಾಕಿದರೆ, ವೀರನು ದನಗಳನ್ನು ಹಿಡಿದು ಬೋರಲು ಹಾಕಿದನೆಂದು ಮಕ್ಕಳು ನಕ್ಕಾರು. ಆ ಮಾತು ಕಾವಲಿಯಿಂದ ಕಲ್ಲಿಗೆ ಹಿಂದಿರುಗಲಾರದು. ರಕ್ಷಿಸಿ ಎಂಬ ಸಂಸ್ಕೃತಶಬ್ದ ಸುಲಭವಾಗಿ ಕೈಗೆ ಬರುತ್ತದೆ. ಅದನ್ನು ಬಳಸಬಾರದೆಂದು ನಮ್ಮ ಪ್ರಾರ್ಥನೆ. ಮರಳಿಸಿ ಎಂಬುದು ಒಳ್ಳೆಯದು. ಮರಳು, ಮರಳಿಸು ಎಂಬ ಜೋಡಿ ಅದರಲ್ಲಿ ಮುರಿಯದೆ ಉಳಿದಿದೆ. ಅದಕ್ಕಿಂತಲೂ ಹತ್ತಿರದ ಜೋಡಿ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಆಡುಮಾತಿನಲ್ಲಿಯೇ ಇದೆ. ಕಾವಲಿಯ ಮೇಲಿನ ರೊಟ್ಟಿಯನ್ನು ಹೊಳ್ಳಿಸಿ ಹಾಕು ಎನ್ನುವ ಅದೇ ಬಾಯಿ, ಪೇಟೆಗೆ ಹೋದವನನ್ನು ಲಗೂ ಹೊಳ್ಳಿ ಬಾ ಎನ್ನುತ್ತದೆ. ಫಲಕವನ್ನು ಬರೆಯುವವರು ಪಂಡಿತರ ಭಯವಿಲ್ಲದೆ ಊರವರ ಬಾಯಿಂದಲೇ ಅದನ್ನು ಬರಸಿಕೊಳ್ಳಬಹುದು: ದನಾ ಹೊಳ್ಳಿಸಿದಾ, ತಾ ಹೊಳ್ಳಿ ಬರಲಿಲ್ಲಾ.